ಮೋಟಾರು ಮನೆಯೂ ಭೂಸಂಪರ್ಕವೂ

ಧಾರಾಪುರಂ ಕಡೆಯ ಒಕ್ಕಲುಗಳಲ್ಲಿ ವಾಸದ ಮನೆಗೆ ಆಯ ನೋಡುತ್ತಾರೆ, ಕೊಟ್ಟಿಗೆಗೂ ದಿಕ್ಕು ಕೇಳುತ್ತಾರೆ. ಬಾವಿಯ ದಡದ ಮೋಟಾರು ಮನೆಗೆ ಮಾತ್ರ ಯಾರೂ ಏನನ್ನೂ ನೋಡುವುದಿಲ್ಲ. ನಾಲ್ಕು ಗೋಡೆ, ಮೇಲೊಂದು ತಗಡು, ಒಳಗೆ ಸ್ಟಾರ್ಟರು. ಉಳಿದ ಜಾಗದಲ್ಲಿ ಗೊಬ್ಬರದ ಚೀಲ, ತೆಂಗಿನ ಗರಿ, ಹರಿದ ಹಗ್ಗ. ನಮ್ಮದೂ ಹಾಗೆಯೇ ಇತ್ತು.

1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಕೊಯಮತ್ತೂರಿನ ಸೀಮೆಗೆ ಬಂದ ಮೇಲೆ ಕಪಿಲೆ ಎಳೆಯುವ ಎತ್ತುಗಳಿಗೆ ಕ್ರಮೇಣ ಬಿಡುಗಡೆಯಾಯಿತು. ಅಮರಾವತಿಯ ಕಾಲುವೆ ತಲಪದ ಮೇಲುಹೊಲಗಳಿಗೆ ಇಂದಿಗೂ ಬಾವಿ, ಕೊಳವೆ ಬಾವಿಗಳೇ ಗತಿ. ನೀರೂ ಕರೆಂಟೂ ಒಂದೇ ಕೊಠಡಿಯಲ್ಲಿ ವಾಸಮಾಡುವ ಸ್ಥಳವೆಂದರೆ ಮೋಟಾರು ಮನೆಯೇ.

ಹೋದ ವರ್ಷ ಕಾರ್ತಿಕದ ಮಳೆ ಹಿಡಿದಿದ್ದಾಗ ನಮ್ಮ ಕಡಸೊಂದು ತೊಟ್ಟಿಯ ಬಳಿ ನೀರು ಕುಡಿಯಲು ಹೋಗಿ ಕಬ್ಬಿಣದ ಪೈಪಿಗೆ ಕತ್ತು ತಾಗಿಸಿತು. ಕೂಗಲೂ ಇಲ್ಲ, ಕುಸಿಯಿತು. ಆಳಿನ ಮಗ, ಹತ್ತು ವರ್ಷದ ಹುಡುಗ, ಹಗ್ಗ ಹಿಡಿದು ಎಳೆಯಲು ಓಡಿದ. "ಮುಟ್ಟಬೇಡವೋ!" ಎಂದು ನಾವು ಕೂಗಿದ್ದು ಅವನ ಕಿವಿಗೆ ಬಿದ್ದದ್ದೇ ಪುಣ್ಯ. ಮೈನ್ ಸ್ವಿಚ್ಚು ಆರಿಸಲು ಒಳಗೆ ನುಗ್ಗಿದರೆ, ಅದರ ಮುಂದೆ ಆಳೆತ್ತರಕ್ಕೆ ಚೀಲಗಳು. ಅವನ್ನು ಸರಿಸಿ ಕೈ ತಲಪುವ ಹೊತ್ತಿಗೆ ಕಡಸು ಸತ್ತಿತ್ತು.

ಮರುದಿನ ನೋಡಿದರೆ ಮೋಟಾರಿನ ವಯರನ್ನು ಇಲಿ ಕಡಿದಿತ್ತು. ಅದು ಇಲಿಯ ತಪ್ಪು. ಅರ್ತಿಂಗ್ ತಂತಿ ಮಾತ್ರ ಗೋಡೆಯ ಮೊಳೆಗೆ ಸುತ್ತಿದಂತೆಯೇ ಇತ್ತು; ನೆಲಕ್ಕೆ ಅದರ ಸಂಬಂಧವೇ ಇರಲಿಲ್ಲ. ಎರಡು ವರ್ಷದಿಂದ ಅದನ್ನು ಕಣ್ಣಾರೆ ನೋಡುತ್ತ ಬಂದವರು ನಾವು. ತರಗತಿಯಲ್ಲಿ ವಿದ್ಯುತ್ ಪಾಠ ಹೇಳುವವರು ಎಂಬುದನ್ನು ಬೇರೆ ಹೇಳಬೇಕೆ?

ಈಗ ಮಾಡಿರುವುದನ್ನು ತಿಳಿಸುತ್ತೇವೆ. ಎರಡೂವರೆ ಮೀಟರು ಉದ್ದದ ಜಿ.ಐ. ಪೈಪನ್ನು ನೇರವಾಗಿ ಹೂತು, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ನೀರು ಹೊಯ್ಯಲು ಮೇಲೊಂದು ಆಲಿಕೆ ಬಿಟ್ಟಿದ್ದೇವೆ. ಇಂಥ ಗುಂಡಿ ಎರಡು. ಒಂದೊಂದರಿಂದಲೂ ಬೇರೆ ಬೇರೆ ತಂತಿ ಮೋಟಾರಿನ ಮೈಗೆ ಬರುತ್ತದೆ. ಒಂದು ತುಕ್ಕು ಹಿಡಿದು ಕಡಿದರೆ ಇನ್ನೊಂದು ಇರಲಿ ಎಂದು. 1956ರ ಭಾರತೀಯ ವಿದ್ಯುತ್ ನಿಯಮಗಳೇ ಮೋಟಾರಿಗೆ ಹೀಗೆ ಎರಡು ಪ್ರತ್ಯೇಕ ಭೂಸಂಪರ್ಕ ಇರತಕ್ಕದ್ದೆಂದು ವಿಧಿಸಿದ್ದವು.

ಇಷ್ಟಾದರೆ ಸಾಕೆಂದು ಸುಮ್ಮನಿರುವಂತಿಲ್ಲ. ಲೆಕ್ಕ ನೋಡಿರಿ. ಒಂದು ಫೇಸಿಗೂ ನೆಲಕ್ಕೂ ನಡುವೆ 230 ವೋಲ್ಟು. ನಮ್ಮ ಕೆಂಪುಮಣ್ಣು ಚಿತ್ತಿರೆಯ ಬಿಸಿಲಿಗೆ ಒಣಗಿ, ಗುಂಡಿಯ ತಡೆ 20 ಓಮ್‌ಗೆ ಏರಿತೆನ್ನಿ. ಆಗ ನೆಲಕ್ಕೆ ಸೋರುವ ಕರೆಂಟು ಹನ್ನೊಂದೂವರೆ ಆಂಪಿಯರು ಮೀರದು. 5 ಕುದುರೆ ಶಕ್ತಿಯ ಮೋಟಾರಿಗೆ ಹೊರಡುವಾಗಿನ ಎಳೆತ ತಡೆಯಲೆಂದು ನಾವು ಹಾಕುವ ಫ್ಯೂಜು 15, 20 ಆಂಪಿಯರಿನದು. ಅದು ಸುಡುವುದೇ ಇಲ್ಲ! ಮೋಟಾರು ಓಡುತ್ತಲೇ ಇರುತ್ತದೆ, ಅದರ ಮೈ ಕರೆಂಟನ್ನು ಹೊತ್ತೇ ಇರುತ್ತದೆ. ಫ್ಯೂಜಿನ ಜಾಗಕ್ಕೆ ದಪ್ಪ ತಾಮ್ರದ ಎಳೆ ಬಿಗಿಯುವ ನಮ್ಮವರ ಜಾಣತನವನ್ನು ಇದಕ್ಕೆ ಸೇರಿಸಿದರೆ ಯಮನಿಗೆ ಬಾಗಿಲು ತೆರೆದಿಟ್ಟಂತೆ. ಆದಕಾರಣ ಸೋರಿಕೆ ಕಂಡೊಡನೆ ತಾನೇ ಕಡಿದುಕೊಳ್ಳುವ ಸ್ವಿಚ್ಚು, ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಎನ್ನುವುದು, ಅವಶ್ಯ ಬೇಕು. ಕೈ ತಾಗುವ ಪ್ಲಗ್ಗಿಗೂ ದೀಪಕ್ಕೂ 30 ಮಿಲಿಆಂಪಿಯರಿನದೇ ಆಗಬೇಕು. ಮೋಟಾರಿಗೆ ಯಾವುದೆಂಬುದನ್ನು ಲೈಸೆನ್ಸುಳ್ಳ ವೈರ್‌ಮನ್ ಅಳೆದು ಹೇಳಲಿ. ಅದನ್ನು ಹಾಕಿದರೂ ಗುಂಡಿಗೆ ನೀರು ಹೊಯ್ಯುವುದನ್ನು ಬಿಡುವಂತಿಲ್ಲ.

ಒಂದು ಫೇಸು ಹಿಡಿದು ಇನ್ನೊಂದು ತುದಿಯನ್ನು ಅರ್ತಿಂಗಿಗೆ ಕಟ್ಟಿ ಬಲ್ಬು ಉರಿಸುವ ದುರಭ್ಯಾಸ ನಮ್ಮಲ್ಲಿ ಬಹಳ. ಆ ತಂತಿ ಎಲ್ಲಿಯಾದರೂ ಕಡಿದರೆ ಬಲ್ಬಿನ ಮೂಲಕ ಬಂದ ಕರೆಂಟು ಮೋಟಾರಿನ ಮೈಯಲ್ಲೇ ನಿಲ್ಲುತ್ತದೆ. ಹೊಸ ಸ್ವಿಚ್ಚು ಇದನ್ನು ಸಹಿಸದು, ಒಡನೆ ಬೀಳುತ್ತದೆ. ಹಾಗಾಗಿ ಹಲವರು ಸ್ವಿಚ್ಚನ್ನೇ ಕಿತ್ತು ಎಸೆಯುತ್ತಾರೆ.

ಕೊಠಡಿಯ ವಿಷಯ. ಮೈನ್ ಸ್ವಿಚ್ಚು ಬಾಗಿಲ ಪಕ್ಕದಲ್ಲೇ, ಎದೆಯೆತ್ತರದಲ್ಲಿರಲಿ. ಮುಂದೆ ಮೂರು ಅಡಿ ಖಾಲಿ ಜಾಗ ಬೇಕು. ನೆಲ ಹೊರಗಿನ ಮಟ್ಟಕ್ಕಿಂತ ಎತ್ತರವಿರಲಿ. ಸೂರಿನ ನೀರು ಹಲಗೆಯ ಮೇಲೆ ಇಳಿಯಬಾರದು. ವಯರು ಒಳನುಗ್ಗುವ ಕಂಡಿಯನ್ನು ಮುಚ್ಚಿದರೆ ಇಲಿಗೂ ಹಾವಿಗೂ ದಾರಿಯಿಲ್ಲ.

ಕರೆಂಟು ಬಂದೊಡನೆ ತಾನೇ ಮೋಟಾರು ಹೊರಡಿಸುವ ಆಟೋ ಪೆಟ್ಟಿಗೆ, ಮೊಬೈಲಿನಿಂದ ಹೊರಡಿಸುವ ಪೆಟ್ಟಿಗೆ ಈಗ ಹೊಲಹೊಲಕ್ಕೂ ಬಂದಿವೆ. ರಾತ್ರಿಯ ನಿದ್ದೆಗೆ ಒಳ್ಳೆಯದೇ. ಆದರೆ ರಿಪೇರಿಗೆ ಕೈಹಾಕಿದವನಿಗೆ ಅದು ಹೇಳಿ ಕೇಳಿ ಬರುವುದಿಲ್ಲ. "ಕರೆಂಟಿಲ್ಲ" ಎಂಬ ಮಾತನ್ನು ನಂಬಿ ಕೂರಬಾರದು. ಮೈನ್ ಆರಿಸಿ, ಮೂರು ಫ್ಯೂಜುಗಳನ್ನೂ ಕಳಚಿ ನಮ್ಮ ಜೇಬಿನಲ್ಲಿಟ್ಟುಕೊಂಡು, ಟೆಸ್ಟರಿನಿಂದ ನೋಡಿದ ಮೇಲೆಯೇ ವೈರ್‌ಮನ್ನನ್ನು ಮುಟ್ಟಗೊಡುತ್ತೇವೆ.

ಹೊಸ ಸ್ವಿಚ್ಚು ಹಾಕಿದ ತಿಂಗಳೇ ಮಳೆಯಲ್ಲಿ ಮೂರು ಬಾರಿ ಬಿತ್ತು. "ಮೇಷ್ಟ್ರೇ, ಈ ಪೀಡೆಯನ್ನು ತೆಗೆಸಿಬಿಡಿ, ಜೋಳಕ್ಕೆ ನೀರಿಲ್ಲ" ಎಂದು ಆಳು ಗೊಣಗಿದ. ನಾವು ತೆಗೆಸಲಿಲ್ಲ, ವಯರನ್ನು ಉದ್ದಕ್ಕೂ ಹುಡುಕಿಸಿದೆವು. ತೊಟ್ಟಿಯ ಬಳಿಯ ಜೋಡಣೆಯೊಂದರಲ್ಲಿ ನೀರು ಹೊಕ್ಕಿತ್ತು. ಅಲ್ಲಿಯೇ ಅವನ ಮಗ ದಿನವೂ ಕೈಕಾಲು ತೊಳೆಯುವುದು. ಈಗ ಶುಕ್ರವಾರ ಶುಕ್ರವಾರ ಎರಡೂ ಗುಂಡಿಗಳಿಗೆ ಕೊಡ ಕೊಡ ನೀರು ಹೊಯ್ಯುವವನೂ ಅವನೇ.