ಹಿತ್ತಲಲ್ಲಿ ಸತ್ತ ಇಲಿ ವಾಸನೆಯ ಹೂ ಎದ್ದಿದೆಯಾ? ಹೆದರಬೇಡಿ, ಅದು ಸುವರ್ಣಗಡ್ಡೆ

ಚಳ್ಳಕೆರೆ: ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಮೇಲೆ ಹಿತ್ತಲ ಮೂಲೆಯಲ್ಲಿ ಒಂದು ದಪ್ಪ ಕಂದು ಹೂ ನೆಲ ಸೀಳಿಕೊಂಡು ಮೇಲೇಳುತ್ತದೆ. ಎಲೆ ಇಲ್ಲ, ರೆಂಬೆ ಇಲ್ಲ. ಹತ್ತಿರ ಹೋದರೆ ಸತ್ತ ಇಲಿ ವಾಸನೆ. ಕೆಲವರು ಅಪಶಕುನ ಅಂತ ಕಿತ್ತು ಬಿಸಾಕುತ್ತಾರೆ, ಕೆಲವರು ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಾರೆ. ಮೊಬೈಲಿನಲ್ಲಂತೂ '12 ವರ್ಷಕ್ಕೊಮ್ಮೆ ಅರಳುವ ಅಪರೂಪದ ಹೂ' ಅಂತ ಫೋಟೋ ಓಡಾಡುತ್ತದೆ.

ವಿಷಯ ಅಷ್ಟು ದೊಡ್ಡದಲ್ಲ. ಅದು ಸಂತೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ಸುವರ್ಣಗಡ್ಡೆಯದೇ ಹೂ. ಹೂವಿಗೆ ಹೆದರುವ ಅಗತ್ಯ ಇಲ್ಲ. ಆದರೆ ಗಡ್ಡೆಯನ್ನು ಹಸಿಯಾಗಿ ಬಾಯಿಗಿಟ್ಟರೆ ಗಂಟಲು ಉರಿದು ಊದಿಕೊಳ್ಳುತ್ತದೆ. ಹಾಗಾಗಿ ಈ ಗಿಡದ ಗುಣ ಮನೆಯವರಿಗೂ ತರಕಾರಿ ಅಂಗಡಿಯವರಿಗೂ ಗೊತ್ತಿರಬೇಕು.

ಬಯಲುಸೀಮೆಗೆ ಹೇಗೆ ಹೊಂದುತ್ತದೆ?

ಉಳ್ಳಾರ್ತಿ ಕಾವಲ್ ಅಂದರೆ ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ಹುಲ್ಲುಗಾವಲು. ಹುಲ್ಲು, ಜಾಲಿ, ಕುರುಚಲು ಗಿಡಗಳ ಬಯಲು ಅದು. ಚಳ್ಳಕೆರೆ ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಸುವರ್ಣಗಡ್ಡೆ ಬಯಸೋದು ನೆರಳು ಮತ್ತು ತೇವ. ಅದಕ್ಕೆ ಬೇಕಾದ ಜಾಗ ತೆಂಗು, ಅಡಿಕೆ ತೋಟದ ಸಾಲು ಅಥವಾ ಬಚ್ಚಲ ನೀರು ಹರಿಯುವ ಹಿತ್ತಲು.

ಆದರೂ ಬರ ತಡೆಯೋದು ಅದಕ್ಕೆ ಗೊತ್ತು. ಕಾವಲಿನ ಹುಲ್ಲು ಬೇಸಿಗೆಯಲ್ಲಿ ಒಣಗಿ, ಬೇರು ಉಳಿಸಿಕೊಂಡು ಮಳೆಗೆ ಚಿಗುರುವ ಹಾಗೆ, ಇದು ಕೂಡ ಮೇಲಿನದ್ದನ್ನೆಲ್ಲ ಒಣಗಿಸಿ ಗಡ್ಡೆಯಾಗಿ ಮಣ್ಣೊಳಗೆ ಮಲಗುತ್ತದೆ.

ಕಾಂಡ ಅಂದುಕೊಂಡಿದ್ದು ಕಾಂಡ ಅಲ್ಲ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಮಾರ್ಫೋಫಾಲಸ್ ಪೆಯೋನಿಫೋಲಿಯಸ್. ಕೆಸು, ಕೆರೆಯಲ್ಲಿ ತೇಲುವ ಅಂತರಗಂಗೆ, ಅಂಗಡಿ ಗಲ್ಲಾ ಪಕ್ಕ ಬಾಟಲಿಯಲ್ಲಿ ಇಡುವ ಮನಿ ಪ್ಲಾಂಟ್, ಎಲ್ಲಾ ಇದೇ ಕುಟುಂಬದವು.

ಮಣ್ಣಿನಿಂದ ಮೇಲೆ ಬರುವ ಹಸಿರು ಕಂಬ ನೋಡಿ ಜನ ಕಾಂಡ ಅಂತಾರೆ. ಬಿಳಿಚು ಮಚ್ಚೆ ಇರುವ ಆ ಕಂಬ ನಿಜವಾಗಿ ಒಂದು ಎಲೆಯ ತೊಟ್ಟು. ಅದರ ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಹರಡಿ, ಮೂರು ಭಾಗವಾಗಿ ಮತ್ತೆ ಮತ್ತೆ ಸೀಳಿಕೊಂಡಿರೋದು ಒಂದೇ ಎಲೆ. ನಿಜವಾದ ಕಾಂಡ ಯಾವುದು ಅಂದರೆ ನಾವು ತಿನ್ನುವ ಗಡ್ಡೆ. ಒಂದು ಹಂಗಾಮು ಪೂರ್ತಿ ಎಲೆ ಮಾಡಿದ ಆಹಾರ ಕೆಳಗಿಳಿದು ಗಡ್ಡೆಯಲ್ಲಿ ಕೂಡಿಕೊಳ್ಳುತ್ತದೆ. ಎಂಟು ಒಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಬೀಳುತ್ತದೆ. ಅದೇ ಗಡ್ಡೆ ಕೀಳುವ ಸಮಯ.

ವರ್ಷ ವರ್ಷ ಕಿತ್ತರೆ ಹೂ ನೋಡಲು ಸಿಗೋದು ಅಪರೂಪ. ಕೀಳದೆ ಬಿಟ್ಟು ಚೆನ್ನಾಗಿ ದಪ್ಪಗಾದ ಗಡ್ಡೆ ಮಾತ್ರ, ಎಲೆಗಿಂತ ಮೊದಲು ಹೂ ಬಿಡುತ್ತದೆ. 12 ವರ್ಷದ ಲೆಕ್ಕವೇನೂ ಇಲ್ಲ.

ಆ ವಾಸನೆ ಯಾಕೆ?

ಒಂದು ಹೂ ಥರ ಕಾಣೋದು ನಿಜಕ್ಕೂ ನೂರಾರು ಸಣ್ಣ ಹೂಗಳ ಗೊಂಚಲು. ಗಂಟೆ ಆಕಾರದ ಹೊದಿಕೆಯ ಮಧ್ಯೆ ಒಂದು ದಿಂಡು. ದಿಂಡಿನ ಬುಡದಲ್ಲಿ ಹೆಣ್ಣು ಹೂ, ಅದರ ಮೇಲೆ ಗಂಡು ಹೂ, ತುದಿಯಲ್ಲಿ ಸುಕ್ಕುಗಟ್ಟಿದ ಕಡುಗೆಂಪು ಉಂಡೆ. ವಾಸನೆ ಬರೋದು ಈ ಉಂಡೆಯಿಂದ. ದಿಂಡು ಬಿಸಿಯೇರಿ ವಾಸನೆಯನ್ನು ದೂರ ಹರಡುತ್ತದೆ.

ಕೊಳೆತ ಮಾಂಸ ಇದೆ ಅಂದುಕೊಂಡು ಜೀರುಂಡೆ, ನೊಣಗಳು ಬರುತ್ತವೆ. ಮೊದಲು ಹೆಣ್ಣು ಹೂ ಸಿದ್ಧವಾಗುತ್ತವೆ, ಆಮೇಲೆ ಗಂಡು ಹೂ ಪರಾಗ ಉದುರಿಸುತ್ತವೆ. ಬುಡದಲ್ಲಿ ಉಳಿದ ಹುಳುಗಳ ಮೈಗೆ ಪರಾಗ ಅಂಟಿ, ಮುಂದಿನ ಹೂವಿಗೆ ಹೋಗುತ್ತದೆ. ಇಷ್ಟಕ್ಕೇ ಆ ದುರ್ವಾಸನೆ. ನಾಲ್ಕೈದು ದಿನದಲ್ಲಿ ಹೂ ಬಾಡಿ ಕುಸಿಯುತ್ತದೆ. ಪರಾಗ ಸೇರಿದ್ದರೆ ಆಮೇಲೆ ಕೆಂಪು ಹಣ್ಣು ಕಟ್ಟುತ್ತವೆ.

ಇಂಡೋನೇಷ್ಯಾದ ಸುಮಾತ್ರಾದಲ್ಲಿ 1878ರಲ್ಲಿ ಇಟಲಿಯ ಬೆಕ್ಕಾರಿ ಎಂಬುವರು ಕಂಡ 'ಶವದ ಹೂ' ಇದರ ದೊಡ್ಡಣ್ಣ. ಅದರ ಹೂಗೊಂಚಲು 3 ಮೀಟರ್‌ವರೆಗೂ ಬೆಳೆಯುತ್ತದೆ.

ತುರಿಕೆ ಎಲ್ಲಿಂದ?

ಗಡ್ಡೆ, ತೊಟ್ಟು, ಎಲೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಕಣ್ಣಿಗೆ ಕಾಣದ ಸೂಜಿಗಳು ಕಟ್ಟು ಕಟ್ಟಾಗಿರುತ್ತವೆ. ಹೆಚ್ಚಿದಾಗ, ಅಗಿದಾಗ ಆ ಸೂಜಿಗಳು ಚರ್ಮಕ್ಕೆ, ನಾಲಿಗೆಗೆ ಚುಚ್ಚಿಕೊಳ್ಳುತ್ತವೆ. ಕೆಸುವಿನ ತುರಿಕೆಗೂ ಇದೇ ಕಾರಣ.

ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಿ. ಹೋಳುಗಳನ್ನು ತೊಳೆದು, ಚೆನ್ನಾಗಿ ಬೇಯಿಸಿ, ಬೇಯಿಸಿದ ನೀರು ಚೆಲ್ಲಿ. ಹುಣಸೆಹುಳಿ ಅಥವಾ ಮಜ್ಜಿಗೆ ಹಾಕೋದು ಹಳೇ ರೂಢಿ. ಅದರ ಮೇಲೆ ಅರೆಬೆಂದದ್ದನ್ನು ತಿನ್ನಬೇಡಿ. ಕೈ ತುರಿಸಿದರೆ ತೊಳೆಯಿರಿ, ಕಣ್ಣು ಉಜ್ಜಬೇಡಿ. ಮಗು ಹಸಿ ಗಡ್ಡೆ ಕಚ್ಚಿ ಗಂಟಲು ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಿಡ್ನಿಯಲ್ಲಿ ಕಲ್ಲು ಇರುವವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಕಾಡುಗಡ್ಡೆ ಸಹವಾಸ ಬೇಡ

ಇದೇ ಗಿಡದ ಕಾಡು ರೂಪಕ್ಕೆ ತುರಿಕೆ ವಿಪರೀತ. ನೋಡಲು ಒಂದೇ ಥರ ಇದ್ದರೂ ಹಳ್ಳದ ದಡದಲ್ಲಿ, ಬೇಲಿಯಲ್ಲಿ ತಾನಾಗೇ ಹುಟ್ಟಿದ್ದನ್ನು ಅಡುಗೆಗೆ ತರಬೇಡಿ. ಬೆಳೆಯಬೇಕು ಅನ್ನುವವರಿಗೆ 'ಗಜೇಂದ್ರ' ಮತ್ತು ತಿರುವನಂತಪುರದ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ 'ಶ್ರೀ ಪದ್ಮ' ತಳಿಗಳಿವೆ. ಇವುಗಳಲ್ಲಿ ತುರಿಕೆ ಕಡಿಮೆ. ನಡು ಮೊಳಕೆಯ ಒಂದು ಪಾಲು ಪ್ರತಿ ಹೋಳಿಗೂ ಬರುವ ಹಾಗೆ ಕತ್ತರಿಸಿ, ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಲ್ಲಿ ಆರಿಸಿ ನೆಡೋದು ಕ್ರಮ.

ಅಂಗಡಿಯವರು ಗಮನಿಸಿ

* ಗಡ್ಡೆಗಳನ್ನು ಗಾಳಿಯಾಡುವ ನೆರಳಲ್ಲಿ ಹರಡಿಡಿ. ಒದ್ದೆ ಚೀಲದಲ್ಲಿ ಕಟ್ಟಿಟ್ಟರೆ ಕೊಳೆಯುತ್ತದೆ.
* ಕತ್ತರಿಸಿದ ಮುಖ ಮೊದಲು ಕೆಡುತ್ತದೆ. ಗಿರಾಕಿ ಕೇಳಿದಷ್ಟೇ ಕತ್ತರಿಸಿ.
* ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಗಡ್ಡೆ ಅಗ್ಗಕ್ಕೆ ಸಿಕ್ಕರೂ ತೂಕಕ್ಕೆ ಹಾಕಬೇಡಿ. ಒಂದು ಮನೆಯವರ ಗಂಟಲು ಉರಿದರೆ ಮುಂದಿನ ವಾರ ಬೀದಿ ಪೂರ್ತಿ ಸುವರ್ಣಗಡ್ಡೆ ಬಿಡುತ್ತದೆ.
* ಹೊಸಬರು ಕೊಂಡರೆ 'ಚೆನ್ನಾಗಿ ಬೇಯಿಸಿ' ಅನ್ನೋ ಒಂದು ಮಾತು ಹೇಳಿ.

ಹಿತ್ತಲಲ್ಲಿ ಹೂ ಎದ್ದರೆ ಕೀಳಬೇಡಿ. ಮಕ್ಕಳು ಕೈ ಹಾಕದ ಹಾಗೆ ನೋಡಿಕೊಂಡು ನಾಲ್ಕು ದಿನ ವಾಸನೆ ಸಹಿಸಿಕೊಳ್ಳಿ. ಹೂ ಬಾಡಿದ ಮೇಲೆ ಅದೇ ಜಾಗದಲ್ಲಿ ಎಲೆ ಕೊಡೆ ಬಿಚ್ಚುತ್ತದೆ.