ದಿಲ್ಲಿಯ ಲೆಕ್ಕ, ಕೊಟ್ಟಿಗೆಯ ಲಸಿಕೆ



ಕಳೆದ ಸುತ್ತಿನ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಒಂದು ಹಳ್ಳಿಗೆ ಹೋಗಿದ್ದೆ. ಬೆಳಗಿನ ಹಾಲು ಹಾಕಿ ಡೇರಿ ಮುಂದೆ ನಿಂತಿದ್ದ ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ದಿಲ್ಲೀಲಿ ಬಜೆಟ್ ಆಯ್ತಲ್ಲ, ನಮ್ಮ ದನಗಳಿಗೆ ಏನು ಬಂತು?" ನಾನು ಕೈಯಲ್ಲಿದ್ದ ಲಸಿಕೆ ಡಬ್ಬಿ ತೋರಿಸಿ, "ಇದೇ ಯಜಮಾನ್ರೇ, ಬಂದಿರೋದು" ಎಂದೆ. ಅವರು ನಕ್ಕುಬಿಟ್ಟರು. "ಇದು ನೀವು ಯಾವಾಗ್ಲೂ ತರೋದೇ ಅಲ್ವಾ?"

ಆ ದಿನ ಅವರು ತಮ್ಮ ಎರಡು ಹಸುಗಳಿಗೆ ಲಸಿಕೆ ಹಾಕಿಸಲಿಲ್ಲ. "ಎರಡು ದಿನ ಹಾಲು ಇಳಿಯುತ್ತೆ, ಮುಂದಿನ ಸಲ ನೋಡೋಣ ಬಿಡಿ" ಎಂದರು. ಅವರ ಪ್ರಶ್ನೆಗೂ ಈ ನಿರಾಕರಣೆಗೂ ನಂಟಿದೆ. ಅದನ್ನು ಅವತ್ತು ರಸ್ತೆಯಲ್ಲಿ ನಿಂತು ಹೇಳಲು ಸಮಯ ಸಾಲಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲಸಿಕೆಯ ಹಣ ಎಲ್ಲಿಂದ?

ನಿಮ್ಮ ಹಾಲಿನ ಪ್ರೋತ್ಸಾಹಧನ ಬೆಂಗಳೂರಿನಿಂದ, ಅಂದರೆ ರಾಜ್ಯದ ಬಜೆಟ್‌ನಿಂದ ಬರುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದದ್ದು ಅದು. ಕಾಲುಬಾಯಿ ಲಸಿಕೆಯ ದಾರಿ ಬೇರೆ. 2019ರ ಮೇ 31ರಂದು ಕೇಂದ್ರ ಸಚಿವ ಸಂಪುಟ ಕಾಲುಬಾಯಿ ಜ್ವರ ಮತ್ತು ಕಂದು ರೋಗ ಎರಡನ್ನೂ ಹತೋಟಿಗೆ ತರಲು ಐದು ವರ್ಷಕ್ಕೆ 13,343 ಕೋಟಿ ರೂಪಾಯಿಯ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಮೊದಲು ಕೇಂದ್ರ ಮತ್ತು ರಾಜ್ಯಗಳು ಖರ್ಚು ಹಂಚಿಕೊಳ್ಳುತ್ತಿದ್ದವು. ಈ ಕಾರ್ಯಕ್ರಮದಲ್ಲಿ ಪೂರ್ತಿ ಖರ್ಚನ್ನು ಕೇಂದ್ರವೇ ಹೊರುವುದೆಂದು ತೀರ್ಮಾನವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಪ್ರಧಾನಮಂತ್ರಿಗಳು ಇದಕ್ಕೆ ಚಾಲನೆ ನೀಡಿದರು.

ಸಂಪುಟ ಒಪ್ಪಿದ ಮಾತ್ರಕ್ಕೆ ಹಣ ಬಂದುಬಿಡುವುದಿಲ್ಲ. ದೇಶದ ಸಂಚಿತ ನಿಧಿಯಿಂದ ಸಂಸತ್ತು ಕಾನೂನು ಮಾಡಿ ಅನುಮತಿ ಕೊಡದೆ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಇದು ಸಂವಿಧಾನದ ಕಟ್ಟಪ್ಪಣೆ. ಅನುಮತಿಯನ್ನು ವರ್ಷ ವರ್ಷವೂ ಹೊಸದಾಗಿ ಕೇಳಬೇಕು.

ನಮ್ಮ ಮಹಾಸಭೆ, ಅವರ ಮಹಾಸಭೆ

ಸಂಸತ್ತಿನ ಬಜೆಟ್ ಅಧಿವೇಶನ ಅರ್ಥವಾಗಬೇಕಾದರೆ ನಮ್ಮ ಸಂಘದ ವಾರ್ಷಿಕ ಮಹಾಸಭೆ ನೆನಪಿಸಿಕೊಳ್ಳಿ. ಕಾರ್ಯದರ್ಶಿ ಜಮಾ-ಖರ್ಚು ಓದುತ್ತಾರೆ, ಮುಂದಿನ ಸಾಲಿನ ಅಂದಾಜು ಮಂಡಿಸುತ್ತಾರೆ, ಸದಸ್ಯರು ಪ್ರಶ್ನೆ ಕೇಳಬೇಕು, ಆಮೇಲೆ ಅಂಗೀಕಾರ. ದಿಲ್ಲಿಯಲ್ಲೂ ಹೀಗೆಯೇ. 2017ರಿಂದ ಈಚೆಗೆ ಸಾಮಾನ್ಯವಾಗಿ ಫೆಬ್ರವರಿ 1ರಂದು ಹಣಕಾಸು ಸಚಿವರು ಬಜೆಟ್ ಮಂಡಿಸುತ್ತಾರೆ. ಮೊದಲು ಒಟ್ಟಾರೆ ಆರ್ಥಿಕ ನೀತಿಯ ಮೇಲೆ ಚರ್ಚೆ. ಟಿವಿಯಲ್ಲಿ ನಾವು ನೋಡುವುದು ಹೆಚ್ಚಾಗಿ ಇದನ್ನೇ. ಆಮೇಲೆ ಸದನಕ್ಕೆ ಬಿಡುವು. ಆ ಬಿಡುವಿನಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಕೂತು ಒಂದೊಂದು ಇಲಾಖೆಯ ಲೆಕ್ಕವನ್ನೂ ಪರಿಶೀಲಿಸುತ್ತವೆ. ನಮ್ಮ ಇಲಾಖೆ ಬರುವುದು ಕೃಷಿ, ಪಶುಸಂಗೋಪನೆ ಮತ್ತು ಆಹಾರ ಸಂಸ್ಕರಣೆ ಸಮಿತಿಗೆ. ಇಂಥ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿಗೆ ಜಾಗ ಇರುತ್ತದೆ.

ಬಿಡುವು ಮುಗಿದ ಮೇಲೆ ಲೋಕಸಭೆಯಲ್ಲಿ ಅನುದಾನದ ಬೇಡಿಕೆಗಳ ಮೇಲೆ ಚರ್ಚೆ ಮತ್ತು ಮತ. ಇಲಾಖೆಯ ಕೆಲಸ ಸರಿಯಿಲ್ಲ ಎನಿಸಿದರೆ ಆ ಬೇಡಿಕೆಯಲ್ಲಿ 100 ರೂಪಾಯಿ ಕಡಿಮೆ ಮಾಡಬೇಕು ಎಂದು ಸದಸ್ಯರು ಸೂಚನೆ ಕೊಡಬಹುದು. ನೂರು ರೂಪಾಯಿ ಉಳಿಸುವುದು ಅವರ ಉದ್ದೇಶವಲ್ಲ, ಕುಂದುಕೊರತೆಯನ್ನು ಸದನದ ಮುಂದೆ ಇಡುವುದು ಉದ್ದೇಶ.

ಆದರೆ ನಮ್ಮ ಮಹಾಸಭೆಯಲ್ಲಿ ಏನಾಗುತ್ತದೆ ಹೇಳಿ? ಬೋನಸ್ ಎಷ್ಟು ಎಂದು ಕೇಳುತ್ತೇವೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತೇವೆ, ಲಾಡು-ಖಾರದ ಪೊಟ್ಟಣ ಹಿಡಿದು ಹೊರಡುತ್ತೇವೆ. ಖರ್ಚಿನ ಪಟ್ಟಿ ಓದುವ ಹೊತ್ತಿಗೆ "ಪಾಸ್, ಪಾಸ್" ಎಂಬ ಕೂಗು. ದಿಲ್ಲಿಯಲ್ಲೂ ಇದಕ್ಕೊಂದು ಹೆಸರಿದೆ: ಗಿಲೋಟಿನ್. ನಿಗದಿಯಾದ ಸಮಯ ಮುಗಿದರೆ ಉಳಿದ ಎಲ್ಲ ಇಲಾಖೆಗಳ ಬೇಡಿಕೆಗಳನ್ನು ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಬಹುಪಾಲು ವರ್ಷ ನಾಲ್ಕಾರು ಇಲಾಖೆಗಳಿಗಷ್ಟೇ ಚರ್ಚೆಯ ಭಾಗ್ಯ. 2013, 2018, 2023ರಲ್ಲಿ ಅದೂ ಇರಲಿಲ್ಲ. ಗದ್ದಲದ ನಡುವೆ ಎಲ್ಲ ಬೇಡಿಕೆಗಳೂ ಚರ್ಚೆಯಿಲ್ಲದೆ ಅಂಗೀಕಾರವಾದವು. 2023ರಲ್ಲಿ ಹಾಗೆ ಒಪ್ಪಿಗೆ ಪಡೆದ ಖರ್ಚು ಸುಮಾರು 45 ಲಕ್ಷ ಕೋಟಿ ರೂಪಾಯಿ. ಆಳುವ ಪಕ್ಷ ಯಾವುದೇ ಇರಲಿ, ಈ ಅಭ್ಯಾಸ ಬದಲಾಗಿಲ್ಲ.

2013 ಎಂದಾಗ ನನಗೆ ಬೇರೆಯದೇ ನೆನಪು. ನಾನಾಗ ಪಶುವೈದ್ಯಕೀಯ ವಿದ್ಯಾರ್ಥಿ. ಅದೇ ವರ್ಷ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಬಂದು ಸಾವಿರಾರು ದನಗಳು ಸತ್ತವು. ಬಾಯಿ ಹುಣ್ಣಾಗಿ ಜೊಲ್ಲು ಸುರಿಸುತ್ತಾ, ಗೊರಸು ಕಿತ್ತು ಮೇಲೇಳಲಾಗದೆ ಬಿದ್ದ ಹಸುಗಳನ್ನು ಕಂಡವರು ಮರೆಯುವುದಿಲ್ಲ. ಸದನದಲ್ಲಿ ಚರ್ಚೆಯಾಗದ್ದಕ್ಕೇ ರೋಗ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥ ರೋಗದ ಲಸಿಕೆಯ ಹಣವೂ ಯಾರೂ ಪ್ರಶ್ನೆ ಕೇಳದೆ ಪಾಸಾಗುವ ಪಟ್ಟಿಯಲ್ಲಿ ಇರಬಹುದು ಎಂಬುದು ನಮಗೆ ತಿಳಿದಿರಬೇಕು.

ಮೂರು ಅಂಕಿ ನೋಡಿ

ಬಜೆಟ್ ಪುಸ್ತಕದಲ್ಲಿ ಪ್ರತಿ ಯೋಜನೆಯ ಎದುರು ಮೂರು ಬಗೆಯ ಅಂಕಿ ಇರುತ್ತದೆ. ವರ್ಷದ ಮೊದಲಿಗೆ ಇಟ್ಟದ್ದು ಬಜೆಟ್ ಅಂದಾಜು. ವರ್ಷದ ನಡುವೆ ತಿದ್ದಿದ್ದು ಪರಿಷ್ಕೃತ ಅಂದಾಜು. ಕೊನೆಗೆ ಆದದ್ದು ವಾಸ್ತವ ವೆಚ್ಚ. ಭಾಷಣದಲ್ಲಿ ಕೇಳುವುದು ಮೊದಲನೆಯದು. ನಮಗೆ ಬೇಕಾದ್ದು ಉಳಿದೆರಡು.

ಏಕೆಂದರೆ ಖರ್ಚು ನಿಧಾನವಾದರೆ ವರ್ಷದ ನಡುವೆಯೇ ಆ ಹಣಕ್ಕೆ ಕತ್ತರಿ ಬೀಳುತ್ತದೆ. "ಕೊಟ್ಟದ್ದನ್ನೇ ಖರ್ಚು ಮಾಡಿಲ್ಲ, ಇನ್ನಷ್ಟು ಏಕೆ?" ಎಂದು ಹಣಕಾಸು ಸಚಿವಾಲಯ ಕೇಳಿದರೆ ಇಲಾಖೆಯ ಬಳಿ ಉತ್ತರ ಇರಬೇಕು. ಸ್ಥಾಯಿ ಸಮಿತಿ ಕೂಡ ಇದೇ ಪ್ರಶ್ನೆ ಎತ್ತುತ್ತದೆ. ಆ ಉತ್ತರ ಹುಟ್ಟುವುದು ದಿಲ್ಲಿಯಲ್ಲಲ್ಲ, ನಿಮ್ಮ ಕೊಟ್ಟಿಗೆಯಲ್ಲಿ. ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆಯ ಎದುರು ಲಸಿಕೆ ದಾಖಲಾದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಲಸಿಕೆ ಬೇಡ ಎಂದ ಹಸು, ಓಲೆ ಕಿತ್ತುಹೋದ ಹಸು ದಿಲ್ಲಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ, ಒಪ್ಪುತ್ತೇನೆ. ಲಸಿಕೆ ತಡವಾಗಿ ಬಂದಾಗ, ಬಂದರೂ ಸಿಬ್ಬಂದಿ ಸಾಲದಾಗ ನೀವು ಕಾದಿದ್ದೀರಿ. ಅದನ್ನು ಗಟ್ಟಿಯಾಗಿ ಕೇಳುವ ಹಕ್ಕು ನಿಮಗಿದೆ. ಆದರೆ ಬಂದ ಲಸಿಕೆಯನ್ನು ತಾವೇ ಬೇಡ ಎಂದವರಿಗೆ ಕೇಳಲು ಬಾಯಿ ಎಲ್ಲಿ?

ನಾವು ಮಾಡಬೇಕಾದ್ದು

ಒಂದು: ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ತಪ್ಪಿಸಬೇಡಿ. ಲಸಿಕೆಯ ರಕ್ಷಣೆ ಇರುವುದೇ ಸುಮಾರು ಅಷ್ಟು ಕಾಲ. ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು, ಮತ್ತೆ ಏರುತ್ತದೆ. ರೋಗ ಬಂದರೆ ಆ ಸೂಲಿನ ಹಾಲೇ ಹೋಗಬಹುದು. ತುಂಬು ಗಬ್ಬದ ಅಥವಾ ಕಾಯಿಲೆಯ ಹಸು ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಎರಡು: 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ ಸಾಕು. ಈ ರೋಗ ಗಬ್ಬ ಕಳೆಯುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಮೂರು: ಓಲೆ ಬಿದ್ದುಹೋಗಿದ್ದರೆ ಹೊಸದು ಹಾಕಿಸಿ. ಲಸಿಕೆ ದಾಖಲಾಯಿತೇ ಎಂದು ಅಲ್ಲೇ ಕೇಳಿ.

ನಾಲ್ಕು: ನಿಮ್ಮ ಸಂಘದಿಂದ ಸಂಸದರಿಗೆ ಒಂದು ಪತ್ರ ಬರೆಯಿರಿ. ಲಸಿಕೆಗೆ ಎಷ್ಟು ಹಣ ಇಟ್ಟರು, ಎಷ್ಟು ಖರ್ಚಾಯಿತು, ನಮ್ಮ ಜಿಲ್ಲೆಗೆ ಎಷ್ಟು ಡೋಸ್ ಬಂತು: ಈ ಮೂರೇ ಪ್ರಶ್ನೆ. ಸಂಸದರು ಇದನ್ನು ಸದನದಲ್ಲಿ ಲಿಖಿತ ಪ್ರಶ್ನೆಯಾಗಿ ಕೇಳಬಹುದು. ಅದು ಆಯ್ಕೆಯಾದರೆ ಸಚಿವರು ಬರವಣಿಗೆಯಲ್ಲೇ ಉತ್ತರ ಕೊಡಬೇಕು. ಗದ್ದಲದಲ್ಲಿ ಚರ್ಚೆ ನಿಂತುಹೋದರೂ ಲಿಖಿತ ಉತ್ತರ ಕಡತದಲ್ಲಿ ಉಳಿಯುತ್ತದೆ.

ಮುಂದಿನ ಸುತ್ತಿಗೆ ಆ ಹಿರಿಯರ ಮನೆಗೇ ಮೊದಲು ಹೋಗಬೇಕೆಂದಿದ್ದೇನೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅದನ್ನು ಬರೀ ಡೇರಿ ಮುಂದೆ ನನಗೆ ಕೇಳಿ ಬಿಟ್ಟರೆ ಸಾಲದು, ಪತ್ರದಲ್ಲಿ ಬರೆದು ಸಂಸದರಿಗೂ ಕೇಳಬೇಕು. ಪತ್ರಕ್ಕೆ ಸಹಿ ಹಾಕುವ ಮೊದಲು ಆ ಎರಡು ಹಸುಗಳಿಗೆ ಲಸಿಕೆ ಆಗಿರಲಿ ಎಂಬುದಷ್ಟೇ ನನ್ನ ಕೋರಿಕೆ.