ಮನೆಗೆ ಹೋಂ ನರ್ಸ್ ಗೊತ್ತುಮಾಡುವಾಗ ಕರುಣೆಯನ್ನೂ ನೋಡಿ

ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಯಲವಿಗಿ, ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲು ಮಾರ್ಗದ ಮೇಲಿರುವ ಊರು. ಇಂಥ ಊರುಗಳಿಂದ ಮಕ್ಕಳು ರೈಲು ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ದುಡಿಯಲು ಹೋಗುತ್ತಾರೆ, ಹೆತ್ತವರು ಊರಲ್ಲೇ ಉಳಿಯುತ್ತಾರೆ. ಮಕ್ಕಳು ಗಲ್ಫ್, ಮುಂಬೈ ಸೇರಿದ ನಮ್ಮ ಕರಾವಳಿಯ ಮನೆಗಳ ಕತೆಯೂ ಇದೇ. ಒಂದು ದಿನ ತಂದೆಗೆ ಪಾರ್ಶ್ವವಾಯು ಆಗುತ್ತದೆ, ಇಲ್ಲವೇ ತಾಯಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ನೋಡಿಕೊಳ್ಳುವವರಿಗಾಗಿ ಹುಡುಕಾಟ ಶುರುವಾಗುವುದು ಆಗಲೇ. ಪಟ್ಟಣದಲ್ಲಾದರೆ ಏಜೆನ್ಸಿಯವರು ಕಳಿಸುವ ಹೋಂ ನರ್ಸ್, ಹಳ್ಳಿಯಲ್ಲಾದರೆ ಓಣಿಯ ಪರಿಚಯದ ಹೆಣ್ಣುಮಗಳು.

ಹೋಂ ನರ್ಸ್ ಎಂದು ಕರೆಸಿಕೊಳ್ಳುವವರೆಲ್ಲ ನರ್ಸಿಂಗ್ ಓದಿದವರಲ್ಲ. ಇಂಜೆಕ್ಷನ್, ಮೂತ್ರದ ನಳಿಕೆ, ಗಾಯದ ಡ್ರೆಸ್ಸಿಂಗ್ ಇದ್ದರೆ ತರಬೇತಿ ಪಡೆದ ನೋಂದಾಯಿತ ನರ್ಸ್ ಬೇಕು. ಇದನ್ನು ಪ್ರಮಾಣಪತ್ರ ನೋಡಿ ತಿಳಿಯಬಹುದು. ಕರುಣೆಗೆ ಪ್ರಮಾಣಪತ್ರವಿಲ್ಲ. ಆದರೆ ರೋಗಿಯ ಆರೋಗ್ಯ ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆಯೇ.

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನು, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಮಧ್ಯರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ತಿರುಗಿಸಿದರೋ ಇಲ್ಲವೋ ನೋಡುವವರು ಯಾರು? ಪಾರ್ಶ್ವವಾಯುವಾದವರಿಗೆ ನುಂಗುವುದು ಕಷ್ಟ. ಅವಸರದಿಂದ ತುತ್ತು ತುರುಕಿದರೆ ಅನ್ನ ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗಬಹುದು. ಮರೆಗುಳಿತನ ಇರುವ ಅಜ್ಜಿ ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಾರೆ, ಇಪ್ಪತ್ತನೆಯ ಸಲವೂ ಗದರದೆ ಉತ್ತರಿಸಬೇಕು.

ಹಾಗಾದರೆ ಕರುಣೆಯನ್ನು ಗುರುತಿಸುವುದು ಹೇಗೆ? ಮಾತಾಡಲು ಬರುವವರನ್ನು ಊಟದ ಹೊತ್ತಿಗೆ ಬರಹೇಳಿ. ಅವರು ಮೊದಲು ಯಾರೊಡನೆ ಮಾತಾಡುತ್ತಾರೆ, ನಿಮ್ಮೊಡನೆಯೋ ಹಾಸಿಗೆಯಲ್ಲಿರುವವರೊಡನೆಯೋ? ಮೈ ಮುಟ್ಟುವ ಮೊದಲು ಹೇಳುತ್ತಾರೆಯೇ? ಬಟ್ಟೆ ಬದಲಿಸುವಾಗ ಬಾಗಿಲು ಮುಂದೆ ಮಾಡುತ್ತಾರೆಯೇ? ಹಿಂದೆ ನೋಡಿಕೊಂಡವರ ಬಗ್ಗೆ ಕೇಳಿ. ಅವರಿಗೆ ಏನು ಇಷ್ಟವಿತ್ತು ಎಂದು ನೆನಪಿಟ್ಟು ಹೇಳುವವರು ಒಳ್ಳೆಯವರು. ಆ ಮನೆಗೂ ಒಂದು ಫೋನ್ ಮಾಡಿ. ಮೊದಲ ಎರಡು ಮೂರು ದಿನ ಮನೆಯವರೊಬ್ಬರು ಜತೆಗಿರಿ. ಬಂದ ಕೂಡಲೇ ಸಂಬಳ ಎಷ್ಟೆಂದು ಕೇಳಿದರೆಂದು ಮುಖ ಗಂಟಿಕ್ಕಬೇಡಿ, ದುಡಿಯಲು ಬಂದವರು ಕೇಳಲೇಬೇಕಾದ ಮಾತದು.

ಭಾಷೆಯನ್ನೂ ಮರೆಯಬಾರದು. ಯಲವಿಗಿಯ ಕಡೆಯ ಅಜ್ಜನನ್ನು ಮಗ ಮಂಗಳೂರಿಗೋ ಬೆಂಗಳೂರಿಗೋ ಕರೆತಂದಿರುತ್ತಾನೆ. 'ಅಜ್ಜಾರ, ಒಂದ್ ತುತ್ತು ಉಣ್ರಿ' ಎಂಬ ಮಾತಿಗೆ ಬಾಯಿ ತೆರೆಯುವ ಅವರು, ಬೇರೆ ಮಾತಿಗೆ ಮುಖ ತಿರುಗಿಸಿದರೆ ಅದು ಹಟವಲ್ಲ.

ಕರುಣೆ ಮನೆಯವರ ಕಡೆಯಿಂದಲೂ ಬೇಕಲ್ಲವೇ? ಹಗಲೂ ರಾತ್ರಿಯೂ ಒಬ್ಬರೇ ದುಡಿದು, ವಾರಗಟ್ಟಲೆ ನಿದ್ದೆಗೆಟ್ಟರೆ ಎಂಥವರಿಗೂ ತಾಳ್ಮೆ ಕೆಡುತ್ತದೆ. ಅವರ ಮಕ್ಕಳೂ ಯಾವುದೋ ಊರಲ್ಲಿ ಅಮ್ಮನ ಫೋನಿಗೆ ಕಾಯುತ್ತಿರುತ್ತಾರೆ. ಮಲಗಲು ಜಾಗ, ಹೊಟ್ಟೆ ತುಂಬ ಊಟ, ವಾರಕ್ಕೊಂದು ರಜೆ, ತಿಂಗಳು ತಪ್ಪದೆ ಸಂಬಳ, ಇವನ್ನು ಮೊದಲೇ ಮಾತಾಡಿ ಬರೆದಿಡಿ. ರಜೆಯ ದಿನ ಆರೈಕೆಗೆ ಮನೆಯವರೇ ಕೂರಲಿ. ಅಮ್ಮನ ಬೆನ್ನು ಹೇಗಿದೆ ಎಂದು ಆಗ ಕಣ್ಣಾರೆ ನೋಡಿದ ಹಾಗೂ ಆಗುತ್ತದೆ.

ಆರೈಕೆಯವರು ಹತ್ತಿರ ಬಂದಾಗ ಹಿರಿಯರು ಬೆದರುವುದು, ಇದ್ದಕ್ಕಿದ್ದಂತೆ ಮಾತು ನಿಲ್ಲಿಸುವುದು, ಕಾರಣ ತಿಳಿಯದ ಬಾವು ಕಂಡುಬಂದರೆ ಹಿರಿಯರನ್ನೇ ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ಕರೆ ಮಾಡಬಹುದು. ತುರ್ತಾದರೆ 112.